ರಿಮೋಟ್ ಒತ್ತಿದರೆ ಮುಗಿಯಿತೇ?

ಕಳೆದ ವರ್ಷ ನವೆಂಬರ್ ತಿಂಗಳ ಒಂದು ಸಂಜೆ. ತಿಪಟೂರಿನ ನಮ್ಮ ಮನೆಯಲ್ಲಿ ಊಟಕ್ಕೆ ಇನ್ನೂ ಹೊತ್ತಿತ್ತು. ನಾನು, ನನ್ನ ಹೆಂಡತಿ, ಎಂಟನೇ ತರಗತಿಯ ಮೊಮ್ಮಗ, ಮೂರನೇ ತರಗತಿಯ ಮೊಮ್ಮಗಳು, ನಾಲ್ವರೂ ಟಿ.ವಿ. ಮುಂದೆ ಕುಳಿತಿದ್ದೆವು. ಒಂದು ಸಿನಿಮಾ ಹಾಡು ಬಂತು. ಹಾಡಿನ ಮಾತು ಎರಡರ್ಥದ್ದು. ಕುಣಿಯುತ್ತಿದ್ದ ಹೆಣ್ಣುಮಗಳ ಮುಖವನ್ನು ಬಿಟ್ಟು ಕ್ಯಾಮೆರಾ ಅವಳ ಮೈಮೇಲೆಲ್ಲ ಓಡಾಡುತ್ತಿತ್ತು. ನಾನು ರಿಮೋಟ್ ಎತ್ತಿಕೊಂಡು ವಾರ್ತೆಗೆ ಹಾಕಿದೆ.

"ಯಾಕೆ ತಾತ ಬದಲಾಯಿಸ್ದೆ?" ಎಂದಳು ಮೊಮ್ಮಗಳು.

"ಆ ಹಾಡು ಚೆನ್ನಾಗಿಲ್ಲಮ್ಮ."

"ಯಾಕೆ ಚೆನ್ನಾಗಿಲ್ಲ?"

"ಚೆನ್ನಾಗಿಲ್ಲ ಅಷ್ಟೆ. ಮಕ್ಕಳು ನೋಡಬಾರದು."

"ಮತ್ತೆ ಸ್ಕೂಲ್ ಡೇಗೆ ನಮಗೆ ಅದೇ ಹಾಡಿಗೆ ಡ್ಯಾನ್ಸ್ ಹೇಳ್ಕೊಡ್ತಿದಾರಲ್ಲ! ನಾನೇ ಮುಂದಿನ ಸಾಲು!"

ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ವಾರ್ತೆಯ ಧ್ವನಿ ಜೋರು ಮಾಡಿದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಮೂವತ್ತೈದು ವರ್ಷ ಜನರ ಪ್ರಶ್ನೆಗಳಿಗೆ ಉತ್ತರ ಹೇಳಿದವನು ನಾನು. ಎಂಟು ವರ್ಷದ ಮಗುವಿನ ಒಂದು 'ಯಾಕೆ'ಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಕಾರಣ ಹೇಳದ ಮೂರು ತಲೆಮಾರು

ನಮ್ಮದು ಕ್ರೈಸ್ತ ಕುಟುಂಬ. ಹಿರಿಯರು ಗುಬ್ಬಿಯ ಕಡೆಯವರು. ಗುಬ್ಬಿಯಲ್ಲಿ 1830ರ ದಶಕದಲ್ಲೇ ವೆಸ್ಲಿಯನ್ ಮಿಷನ್ನಿನವರು ನೆಲೆಸಿದ್ದರು. ಅದೇ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿಯೊಂದು ಹುಟ್ಟಿತು. ಗುಬ್ಬಿ ವೀರಣ್ಣನವರ ಕಾಲದಲ್ಲಿ ಅದು ನಾಡಿಗೆಲ್ಲ ಹೆಸರಾಯಿತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು.

ನನ್ನ ಅಜ್ಜ ಮಾತ್ರ ನಾಟಕದ ಡೇರೆಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. "ಅದೆಲ್ಲ ನಮಗಲ್ಲ" ಎನ್ನುತ್ತಿದ್ದರಂತೆ. ಯಾಕೆ ಎಂದು ಕೇಳುವ ಧೈರ್ಯ ನನ್ನ ಅಪ್ಪನಿಗೆ ಇರಲಿಲ್ಲ. ರಾತ್ರಿ ಹಿತ್ತಿಲ ಬಾಗಿಲಿನಿಂದ ಹೋಗಿ ನಾಟಕ ನೋಡಿ ಬರುತ್ತಿದ್ದರು. ಮುಂದೆ ನಾನು ಹೈಸ್ಕೂಲಿನಲ್ಲಿದ್ದಾಗ ಸಿನಿಮಾದ ವಿಷಯದಲ್ಲಿ ಅದೇ ಅಪ್ಪ ನನಗೆ ಅದೇ ಮಾತು ಹೇಳಿದರು. ನಾನೂ ಹಿತ್ತಿಲ ಬಾಗಿಲು ಹಿಡಿದೆ. ಈಗ ಮೊಮ್ಮಗಳಿಗೆ ನಾನು ಹೇಳಿದ್ದೂ ಅದನ್ನೇ. ಆದರೆ ಈಗಿನ ಮಕ್ಕಳಿಗೆ ಹಿತ್ತಿಲ ಬಾಗಿಲು ಬೇಕಾಗಿಲ್ಲ. ಮೊಬೈಲ್ ಹಾಸಿಗೆಯಲ್ಲೇ ಇರುತ್ತದೆ.

ಹಾಗೆಂದು ಹಿಂದೆ ಎಲ್ಲವೂ ಶುದ್ಧವಾಗಿತ್ತು ಎಂದು ಮಕ್ಕಳು ತಿಳಿಯಬೇಡಿ. ನಾನು ಚಿಕ್ಕನಾಯಕನಹಳ್ಳಿ ಶಾಖೆಯಲ್ಲಿದ್ದಾಗ ಹಳ್ಳಿಯೊಂದರಲ್ಲಿ ರಾತ್ರಿಯಿಡೀ ಮೂಡಲಪಾಯ ಯಕ್ಷಗಾನ ನೋಡಿದ್ದೇನೆ. ಅದರಲ್ಲಿ ಕೋಡಂಗಿ ಆಡುವ ಮಾತು ಕೆಲವೊಮ್ಮೆ ಒರಟಾಗಿಯೇ ಇರುತ್ತಿತ್ತು. ಆದರೆ ಇಡೀ ಊರು ಒಟ್ಟಿಗೆ ಕುಳಿತು ನೋಡುತ್ತಿತ್ತು. ಮಾತು ಎಲ್ಲೆ ಮೀರಿದರೆ ಮುಂದೆ ಕುಳಿತ ಯಜಮಾನರೊಬ್ಬರು "ಸಾಕು ಕಣಯ್ಯ, ಹೆಣ್ಣುಮಕ್ಕಳಿದಾರೆ" ಎನ್ನುತ್ತಿದ್ದರು. ಕೋಡಂಗಿ ಕೈಮುಗಿದು ಮಾತು ಬದಲಾಯಿಸುತ್ತಿದ್ದ.

ಟಿ.ವಿ. ಬಂದ ಮೊದಲ ವರ್ಷಗಳಲ್ಲೂ ಹೀಗೆಯೇ ಇತ್ತು. 1987ರ ಜನವರಿ 25ರಂದು ದೂರದರ್ಶನದಲ್ಲಿ 'ರಾಮಾಯಣ' ಶುರುವಾದಾಗ ನಾವು ತುರುವೇಕೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಬೀದಿಗೆಲ್ಲ ಟಿ.ವಿ. ಇದ್ದದ್ದು ಮನೆ ಮಾಲೀಕರಲ್ಲಿ ಮಾತ್ರ. ಭಾನುವಾರ ಬೆಳಗ್ಗೆ ಅವರ ಹಜಾರದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ನಾವೂ ಚರ್ಚಿಗೆ ಹೋಗುವ ಮೊದಲು ಒಂದಷ್ಟು ನೋಡಿಕೊಂಡೇ ಹೋಗುತ್ತಿದ್ದೆವು! ಶಂಕರನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ನೋಡಿದ್ದೂ ಹಾಗೆ ಎಲ್ಲರ ಜೊತೆಯಲ್ಲಿಯೇ. 1990ರ ದಶಕದಲ್ಲಿ ಕೇಬಲ್ ಬಂತು. ಒಂದು ಚಾನೆಲ್ ಇದ್ದದ್ದು ಹತ್ತಾಯಿತು, ನೂರಾಯಿತು. ಒಟ್ಟಿಗೆ ಕೂರುವುದು ಕಡಿಮೆಯಾಗುತ್ತ ಬಂತು. "ಸಾಕು ಕಣಯ್ಯ" ಎನ್ನುವ ಯಜಮಾನರೂ ಇಲ್ಲವಾದರು.

ದಾವೀದ ರಾಜ ಮತ್ತು ಬಡವನ ಕುರಿಮರಿ

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹಾಡು ನಿಜವಾಗಿ ಯಾಕೆ ಚೆನ್ನಾಗಿಲ್ಲ ಎಂದು ಯೋಚಿಸಿದೆ. ದೇಹ ಕೆಟ್ಟದ್ದು, ಗಂಡು ಹೆಣ್ಣಿನ ಪ್ರೀತಿ ಕೆಟ್ಟದ್ದು ಎಂದೇ? ನಮ್ಮ ಬೈಬಲ್ ಹಾಗೆ ಹೇಳುವುದಿಲ್ಲ. ದೇವರು ಗಂಡು ಹೆಣ್ಣನ್ನು ಸೃಷ್ಟಿಸಿ, ತಾನು ಮಾಡಿದ್ದು ಬಹಳ ಒಳ್ಳೆಯದೆಂದು ಕಂಡನು ಎಂದೇ ಅದರ ಮೊದಲ ಅಧ್ಯಾಯದಲ್ಲಿದೆ. ಪ್ರೇಮಿಗಳ ಮಾತನ್ನೇ ತುಂಬಿಕೊಂಡ ಪರಮಗೀತವೆಂಬ ಪುಸ್ತಕ ಅದರೊಳಗಿದೆ. ಯೇಸುಸ್ವಾಮಿ ಮೊದಲ ಅದ್ಭುತವನ್ನು ಮಾಡಿದ್ದು ಕಾನಾ ಊರಿನ ಒಂದು ಮದುವೆ ಮನೆಯಲ್ಲಿ. ಸಂತ ಪೌಲನು ಕೊರಿಂಥದ ಸಭೆಗೆ ಬರೆಯುವಾಗ ನಮ್ಮ ದೇಹವನ್ನು ದೇವಾಲಯಕ್ಕೆ ಹೋಲಿಸುತ್ತಾನೆ. ಅಂದಮೇಲೆ ದೇಹ ಕೊಳಕಲ್ಲ, ಬೆಲೆಯುಳ್ಳದ್ದು. ಬೆಲೆಯುಳ್ಳದ್ದನ್ನು ಬೀದಿಯಲ್ಲಿ ಹರಡಿ ಮಾರುವುದೇ ತಪ್ಪು.

ಮಾರನೆಯ ದಿನ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಬಲಿನ ಒಂದು ಕಥೆ ಹೇಳಿದೆ.

ದಾವೀದ ಎಂಬ ರಾಜನಿದ್ದ. ಕುರಿ ಕಾಯುತ್ತಿದ್ದ ಹುಡುಗ, ದೇವರ ದಯೆಯಿಂದ ರಾಜನಾದವನು. ಒಂದು ಸಂಜೆ ಅರಮನೆಯ ಮಾಳಿಗೆಯ ಮೇಲೆ ತಿರುಗಾಡುತ್ತಿದ್ದಾಗ ದೂರದಲ್ಲಿ ಸ್ನಾನ ಮಾಡುತ್ತಿದ್ದ ಒಬ್ಬ ಹೆಂಗಸು ಕಂಡಳು. ಅವನು ಮುಖ ತಿರುಗಿಸಿಕೊಂಡು ಕೆಳಗೆ ಇಳಿದು ಹೋಗಬಹುದಿತ್ತು. ಹೋಗಲಿಲ್ಲ, ನೋಡುತ್ತ ನಿಂತ. ಅವಳು ಊರೀಯ ಎಂಬ ತನ್ನ ಸೈನಿಕನ ಹೆಂಡತಿ ಎಂದು ತಿಳಿದ ಮೇಲೂ ಅವಳನ್ನು ಅರಮನೆಗೆ ಕರೆಸಿಕೊಂಡ. ಮಾಡಿದ ತಪ್ಪು ಮುಚ್ಚಿಡಲು ಊರೀಯನನ್ನು ಯುದ್ಧದ ಮುಂಚೂಣಿಗೆ ನಿಲ್ಲಿಸಿ ಕೊಲ್ಲಿಸಿದ.

ಆಗ ನಾತಾನ ಎಂಬ ಪ್ರವಾದಿ ಬಂದು ರಾಜನಿಗೆ ಒಂದು ಕಥೆ ಹೇಳಿದ. ಒಂದು ಊರಿನಲ್ಲಿ ಒಬ್ಬ ಸಾಹುಕಾರ, ಒಬ್ಬ ಬಡವ ಇದ್ದರು. ಸಾಹುಕಾರನಿಗೆ ಮಂದೆಗಟ್ಟಲೆ ಕುರಿ. ಬಡವನಿಗೆ ಒಂದೇ ಒಂದು ಹೆಣ್ಣು ಕುರಿಮರಿ. ಅದು ಅವನ ತಟ್ಟೆಯಲ್ಲೇ ತಿಂದು, ಅವನ ಮಡಿಲಲ್ಲೇ ಮಲಗಿ ಮಗಳ ಹಾಗೆ ಬೆಳೆದಿತ್ತು. ಸಾಹುಕಾರನ ಮನೆಗೆ ನೆಂಟರು ಬಂದರು. ಅವನು ತನ್ನ ಮಂದೆಯನ್ನು ಮುಟ್ಟದೆ ಬಡವನ ಕುರಿಮರಿಯನ್ನು ಕಿತ್ತುಕೊಂಡು ಹೋಗಿ ಅಡುಗೆ ಮಾಡಿಸಿದ. ಇದನ್ನು ಕೇಳಿ ದಾವೀದನಿಗೆ ಕೋಪ ಉಕ್ಕಿತು. "ಯಾರವನು? ಅವನಿಗೆ ಮರಣವೇ ಸರಿ" ಎಂದ. ನಾತಾನ, ಆ ಮನುಷ್ಯ ನೀನೇ ಎಂದು ಬಿಟ್ಟ.

ಕಥೆ ಮುಗಿದ ಮೇಲೆ ಮೊಮ್ಮಗಳು ಕೇಳಿದ್ದು ರಾಜನ ಬಗ್ಗೆ ಅಲ್ಲ. "ಕುರಿಮರಿ ಸತ್ತೇ ಹೋಯ್ತಾ ತಾತ?" ಎಂದಳು. ಹೌದಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಾಡಲ್ಲಿ ಕುಣಿಯೋ ಅಕ್ಕನಿಗೂ ಅಪ್ಪ ಅಮ್ಮ ಇರ್ತಾರಲ್ವಾ?" ಎಂದಳು.

ನಾನು ಹುಡುಕುತ್ತಿದ್ದ ಉತ್ತರ ಅವಳಿಗೇ ಸಿಕ್ಕಿತ್ತು. "ಹೌದು. ಆ ಹಾಡು ತೆಗೆದವರು ಅದನ್ನು ಮರೆತಿದ್ದಾರೆ. ನೋಡುವ ನಾವೂ ಮರೆಯಲಿ ಅಂತ ತೆಗೆದಿದ್ದಾರೆ. ಅದಕ್ಕೇ ಅದು ಚೆನ್ನಾಗಿಲ್ಲ" ಎಂದೆ.

ಗಮನಿಸಿ, ಬೈಬಲ್ ಈ ಕಥೆಯನ್ನು ಮುಚ್ಚಿಟ್ಟಿಲ್ಲ. ದೊಡ್ಡ ರಾಜನ ದೊಡ್ಡ ತಪ್ಪನ್ನು ಹಾಗೆಯೇ ಹೇಳಿದೆ. ಆದರೆ ಅದನ್ನು ಬಾಯಿ ಚಪ್ಪರಿಸಿಕೊಂಡು ಹೇಳಿಲ್ಲ. ಯಾರು ಕಣ್ಣೀರಿಟ್ಟರು, ಯಾರು ಸತ್ತರು ಎಂಬುದನ್ನು ಬಿಟ್ಟಿಲ್ಲ. ತಪ್ಪನ್ನು ತೋರಿಸುವುದು ಬೇರೆ, ತಪ್ಪನ್ನು ಬಡಿಸುವುದು ಬೇರೆ.

ನಮ್ಮ ದೇಶದ ನ್ಯಾಯಾಲಯದ ಮುಂದೆಯೂ ಇದೇ ಬಗೆಯ ಪ್ರಶ್ನೆ ಬಂದಿತ್ತು. ಕೆ.ಎ. ಅಬ್ಬಾಸ್ ಅವರು ನಾಲ್ಕು ಮಹಾನಗರಗಳ ಬಡತನ, ಸಿರಿವಂತಿಕೆಯ ಬಗ್ಗೆ ತೆಗೆದ ಕಿರುಚಿತ್ರದಲ್ಲಿ ಮೈ ಮಾರಿಕೊಂಡು ಬದುಕುವ ಹೆಂಗಸರ ಬೀದಿಯ ದೃಶ್ಯಗಳಿದ್ದವು. ಅದಕ್ಕೆ ಮೊದಲು ವಯಸ್ಕರ 'ಎ' ಪ್ರಮಾಣಪತ್ರವನ್ನಷ್ಟೇ ಕೊಡುತ್ತೇವೆಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ಹೊತ್ತಿಗೆ ಸರ್ಕಾರವೇ 'ಯು' ಕೊಡಲು ಒಪ್ಪಿತು. 1970ರ ತೀರ್ಪಿನಲ್ಲಿ ನ್ಯಾಯಾಲಯ ಸಿನಿಮಾಕ್ಕೆ ಸೆನ್ಸಾರ್ ಇರಬಹುದು ಎಂದಿತು. ಆದರೆ ಗಂಡು ಹೆಣ್ಣಿನ ವಿಷಯ ಬಂದ ಮಾತ್ರಕ್ಕೆ ಎಲ್ಲವೂ ಅಶ್ಲೀಲವಾಗುವುದಿಲ್ಲ ಎಂದೂ ಹೇಳಿತು. ನೊಂದವರನ್ನು ಮನುಷ್ಯರಾಗಿ ತೋರಿಸುವ ದೃಶ್ಯಕ್ಕೂ, ಮನುಷ್ಯರನ್ನು ಸರಕಾಗಿ ತೋರಿಸುವ ದೃಶ್ಯಕ್ಕೂ ಇರುವ ವ್ಯತ್ಯಾಸ ನಮಗೆ ತಿಳಿದಿರಬೇಕು.

ಬರೀ ಬೇಡ ಎಂದರೆ ಸಾಲದು

ಕ್ರೈಸ್ತ ಸಭೆಗಳು ಈ ವಿಷಯದಲ್ಲಿ ತುಂಬ ಹಿಂದಿನಿಂದ ತಲೆಕೆಡಿಸಿಕೊಂಡಿವೆ. 1934ರ ಸುಮಾರಿನಲ್ಲಿ ಅಮೆರಿಕದ ಕ್ಯಾಥೋಲಿಕರು 'ಲೀಜನ್ ಆಫ್ ಡೀಸೆನ್ಸಿ' ಎಂಬ ಸಂಘ ಕಟ್ಟಿದರು. ಕೆಟ್ಟ ಚಿತ್ರಗಳನ್ನು ನೋಡುವುದಿಲ್ಲವೆಂದು ಲಕ್ಷಗಟ್ಟಲೆ ಜನ ಪ್ರತಿಜ್ಞೆ ಮಾಡಿದರು. 1936ರಲ್ಲಿ ಆಗಿನ ಪೋಪ್ ಹನ್ನೊಂದನೇ ಪಯಸ್ ಸಿನಿಮಾದ ಬಗ್ಗೆಯೇ ಒಂದು ವಿಶ್ವಪತ್ರ ಬರೆದರು. ಬೇಡದ ಚಿತ್ರಗಳ ಪಟ್ಟಿಗಳು ಬಂದವು. ಆದರೆ ಬೇಡದ್ದರ ಪಟ್ಟಿಯೊಂದರಿಂದಲೇ ಮಕ್ಕಳು ಬೆಳೆಯುವುದಿಲ್ಲ. 1995ರಲ್ಲಿ ಸಿನಿಮಾಕ್ಕೆ ನೂರು ವರ್ಷ ತುಂಬಿದಾಗ ವ್ಯಾಟಿಕನ್ನಿನಿಂದ ಬಂದದ್ದು ನೋಡಬೇಕಾದ 45 ಒಳ್ಳೆಯ ಚಿತ್ರಗಳ ಪಟ್ಟಿ. ನಮ್ಮ ಮಹಾತ್ಮರ ಬಗ್ಗೆ ರಿಚರ್ಡ್ ಅಟೆನ್‌ಬರೊ ತೆಗೆದ 'ಗಾಂಧಿ' ಅದರಲ್ಲಿದೆ.

ನಮ್ಮ ಕಲ್ಪತರು ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟು, ಸುಲಿದು ಕರಟ ಒಡೆದಾಗ ಒಳಗೆ ಉಂಡೆ ಕೊಬ್ಬರಿ. ಎಲ್ಲವೂ ಚೆನ್ನಾಗಿರುವುದಿಲ್ಲ, ಕೆಲವು ಕೌಟು. ಕೌಟು ಇದೆಯೆಂದು ಯಾರೂ ಅಟ್ಟವನ್ನೇ ಕೀಳುವುದಿಲ್ಲ. ಅಜ್ಜಿ, ಸೊಸೆ, ಮಕ್ಕಳು ಕೂತು ಆರಿಸುತ್ತಾರೆ. ಆರಿಸುತ್ತ ಆರಿಸುತ್ತ ಮಕ್ಕಳಿಗೂ ಕೌಟಿನ ವಾಸನೆ ಗೊತ್ತಾಗುತ್ತದೆ. ಟಿ.ವಿ.ಯನ್ನೂ ಹೀಗೆ ಕೂತು ಆರಿಸಬೇಕು.

ಎರಡು ಬೀಗದ ಕೈ

ಬ್ಯಾಂಕಿನ ಖಜಾನೆಗೆ ಎರಡು ಬೀಗದ ಕೈಗಳಿರುತ್ತವೆ. ಒಂದು ಒಬ್ಬರ ಬಳಿ, ಇನ್ನೊಂದು ಮತ್ತೊಬ್ಬರ ಬಳಿ. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಟಿ.ವಿ. ವಿಷಯದಲ್ಲಿ ಕಾನೂನು ಒಂದು ಬೀಗದ ಕೈ.

ನಮ್ಮಲ್ಲಿ ಕಾನೂನು ಇಲ್ಲದೆ ಇಲ್ಲ. 1995ರ ಕೇಬಲ್ ಟಿ.ವಿ. ಕಾಯ್ದೆಯ ಪ್ರಕಾರ ಸಭ್ಯತೆಗೆ ವಿರುದ್ಧವಾದದ್ದನ್ನು ಪ್ರಸಾರ ಮಾಡುವಂತಿಲ್ಲ. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಅಧ್ಯಾಪಕಿ ಪ್ರತಿಭಾ ನೈಥಾನಿ ಅವರು ವಯಸ್ಕರ ಚಿತ್ರಗಳು ಮನೆಮನೆಯ ಟಿ.ವಿ.ಯಲ್ಲಿ ಬರುವುದರ ವಿರುದ್ಧ ಬಾಂಬೆ ಹೈಕೋರ್ಟಿಗೆ ಹೋದರು. ಟಿ.ವಿ.ಯಲ್ಲಿ 'ಯು' ಅಥವಾ 'ಯು/ಎ' ಚಿತ್ರಗಳನ್ನು ಮಾತ್ರ ತೋರಿಸಬೇಕೆಂಬುದು 2006ರಲ್ಲಿ ಗಟ್ಟಿಯಾಯಿತು. ಅದರ ಹಿಂದೆ ಒಬ್ಬ ಮೇಷ್ಟರಮ್ಮನ ಹಟವಿತ್ತು ಎಂಬುದನ್ನು ಮಕ್ಕಳು ನೆನಪಿಡಬೇಕು.

ಡ್ಯಾನ್ಸ್ ರಿಯಾಲಿಟಿ ಶೋಗಳಲ್ಲಿ ಮಕ್ಕಳನ್ನು ಅಸಭ್ಯವಾಗಿ, ವಯಸ್ಸಿಗೆ ಮೀರಿದ ಭಂಗಿಗಳಲ್ಲಿ ತೋರಿಸಬೇಡಿ ಎಂದು 2019ರ ಜೂನ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಎಲ್ಲ ಚಾನೆಲ್ಲುಗಳಿಗೆ ಸೂಚನೆ ಕೊಟ್ಟಿತು. 2021ರ ನಿಯಮಗಳ ಪ್ರಕಾರ ಇಂಟರ್‌ನೆಟ್ಟಿನಲ್ಲಿ ಬರುವ ಸಿನಿಮಾ, ಸೀರಿಯಲ್ಲುಗಳ ಮೇಲೂ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂದು ವಯಸ್ಸಿನ ಗುರುತು ಇರಬೇಕು. 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಬೀಗ ಹಾಕುವ ಅನುಕೂಲ ಕೊಡಬೇಕು. ಅಶ್ಲೀಲ ವಿಷಯ ತೋರಿಸುತ್ತಿದ್ದ 18 ಒ.ಟಿ.ಟಿ. ವೇದಿಕೆಗಳನ್ನು 2024ರ ಮಾರ್ಚ್‌ನಲ್ಲಿ ಸರ್ಕಾರ ಮುಚ್ಚಿಸಿತು.

ಟಿ.ವಿ.ಯಲ್ಲಿ ಬಂದ ಕಾರ್ಯಕ್ರಮ ಸರಿಯಿಲ್ಲವೆಂದು ಕಂಡರೆ ಚಾನೆಲ್‌ಗೇ ಬರೆಯಬಹುದು. ದಿನ, ಹೊತ್ತು, ಕಾರ್ಯಕ್ರಮದ ಹೆಸರು, ಏನು ಸರಿಯಿಲ್ಲ ಎಂಬುದು ಕಾಗದದಲ್ಲಿರಲಿ. ದೂರು ತಲುಪಿದೆಯೆಂದು ಅವರು 24 ಗಂಟೆಯೊಳಗೆ ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಚಾನೆಲ್ ಸೇರಿರುವ ಸ್ವಯಂ ನಿಯಂತ್ರಣ ಮಂಡಳಿಗೆ ಹೋಗಬಹುದು. ನಿವೃತ್ತರಿಗೆ ಪುರುಸೊತ್ತು ಇದೆ, ಕಾಗದ ಬರೆಯುವ ಅಭ್ಯಾಸವೂ ಇದೆ. ಗೊಣಗುವ ಬದಲು ಬರೆಯೋಣ.

ಇಷ್ಟೆಲ್ಲ ತಿಳಿದುಕೊಂಡು ನಾನು ನಮ್ಮ ಟಿ.ವಿ.ಗೆ ಬೀಗದ ಪಿನ್ ಹಾಕಿಸಿದೆ. ಆದರೆ ನನಗೆ ಆ ಕೆಲಸ ಬರುವುದಿಲ್ಲ. ಹಾಕಿಕೊಟ್ಟವನು ಎಂಟನೇ ತರಗತಿಯ ಮೊಮ್ಮಗ! "ತಾತ, ಪಿನ್ ಮರೀಬೇಡ, ಮರೆತರೆ ನನ್ನನ್ನು ಕೇಳು" ಎಂದ. ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬೀಗ ಹಾಕಿದವನ ಕೈಯಲ್ಲೇ ಬೀಗದ ಕೈ. ಅಂದಮೇಲೆ ಎರಡನೆಯ ಬೀಗದ ಕೈ ಮನೆಯವರೊಳಗಿನ ಮಾತೇ ಎಂದು ನನಗೆ ಅರ್ಥವಾಯಿತು.

ನನ್ನ ಲೆಕ್ಕ ತಾಳೆಯಾಗಲಿಲ್ಲ

ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಪಿನ್ ಹಾಕಿದ ಕೆಲವು ದಿನಗಳ ಮೇಲೆ, ಎಲ್ಲರೂ ಮಲಗಿದ ನಂತರ ಒಬ್ಬನೇ ಟಿ.ವಿ. ಮುಂದೆ ಕುಳಿತಿದ್ದೆ. ಅದೇ ಬಗೆಯ ಹಾಡೊಂದು ಬಂತು. ಬದಲಾಯಿಸಲಿಲ್ಲ. ಮಕ್ಕಳಿಲ್ಲವಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೊಮ್ಮಗ ನೀರು ಕುಡಿಯಲು ಎದ್ದು ಬಂದ. ಟಿ.ವಿ. ನೋಡಿದ, ನನ್ನನ್ನು ನೋಡಿದ, ಏನೂ ಹೇಳದೆ ಹೋಗಿ ಮಲಗಿದ.

ಬ್ಯಾಂಕಿನಲ್ಲಿ ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದಿದ್ದರೂ ನಾವು ಮನೆಗೆ ಹೋಗುತ್ತಿರಲಿಲ್ಲ. ಆ ರಾತ್ರಿ ನನ್ನ ಲೆಕ್ಕ ತಾಳೆಯಾಗಲಿಲ್ಲ. ಯೇಸುಸ್ವಾಮಿ ಕೆಟ್ಟ ನೋಟದ ಬಗ್ಗೆ ಮಾತನಾಡಿದಾಗ ನೋಡಿಸಿಕೊಂಡವಳ ಮೇಲೆ ತಪ್ಪು ಹೊರಿಸಲಿಲ್ಲ. ನೋಡುವವನ ಕಣ್ಣನ್ನು, ಅವನ ಹೃದಯವನ್ನು ಹಿಡಿದು ಕೇಳಿದರು. ಯೋಬ ಎಂಬ ಭಕ್ತ ತನ್ನ ಕಣ್ಣುಗಳ ಜೊತೆಯಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದನೆಂದು ಬೈಬಲಿನಲ್ಲಿದೆ. ಆ ಒಪ್ಪಂದಕ್ಕೆ ವಯಸ್ಸಿನ ಮಿತಿ ಇಲ್ಲ. ಎಪ್ಪತ್ತು ದಾಟಿದವನಿಗೂ ಅದು ಅನ್ವಯಿಸುತ್ತದೆ.

ಬೆಳಗ್ಗೆ ಮೊಮ್ಮಗನ ಜೊತೆ ವಾಕಿಂಗ್ ಹೊರಟಾಗ, "ನಿನ್ನೆ ರಾತ್ರಿ ನಾನು ಮಾಡಿದ್ದು ತಪ್ಪು ಕಣಪ್ಪ" ಎಂದೆ. ಅವನು ನೆಲ ನೋಡುತ್ತ ಸ್ವಲ್ಪ ದೂರ ನಡೆದ. ಆಮೇಲೆ ತಾನೇ ಬಾಯಿಬಿಟ್ಟ. ಸ್ನೇಹಿತನೊಬ್ಬ ಮೊಬೈಲಿನಲ್ಲಿ ಏನೋ ತೋರಿಸಿದ್ದನಂತೆ. ನೋಡಿ ಹೆದರಿಕೆಯೂ ಆಗಿತ್ತಂತೆ, ಮತ್ತೆ ನೋಡಬೇಕೆಂದೂ ಅನಿಸಿತ್ತಂತೆ. ಮನೆಯಲ್ಲಿ ಹೇಳಿದರೆ ಬೈಯುತ್ತಾರೆಂದು ಸುಮ್ಮನಿದ್ದನಂತೆ. ಎರಡು ತಿಂಗಳು ಆ ಹುಡುಗ ಅದನ್ನು ಒಬ್ಬನೇ ಹೊತ್ತುಕೊಂಡಿದ್ದ.

ನಾನು ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಎಂದೆ. ಅವನ ಅಪ್ಪ ಅಮ್ಮನಿಗೂ ತಿಳಿಸಿ, ಎಲ್ಲರೂ ಕೂತು ಮಾತನಾಡಿದೆವು.

ನನ್ನ ವಯಸ್ಸಿನವರೇ, ಒಂದು ಮಾತು. ನಾವು ಸುಮ್ಮನೆ ಚಾನೆಲ್ ಬದಲಾಯಿಸಿದಾಗ ಮಗು ಕಲಿಯುವುದು ಒಂದೇ, ಈ ವಿಷಯವನ್ನು ಮನೆಯಲ್ಲಿ ಮಾತನಾಡಬಾರದು ಎಂದು. ನಾಳೆ ಯಾರೋ ಆ ಮಗುವಿಗೆ ಬೇಡದ ಚಿತ್ರ ತೋರಿಸಿದರೆ, ಬೇಡದ ಕಡೆ ಮುಟ್ಟಿದರೆ, ಆಗಲೂ ಅದು ಮಾತನಾಡುವುದಿಲ್ಲ. ಮಕ್ಕಳೇ, ಹಾಗೇನಾದರೂ ಆದರೆ ತಪ್ಪು ನಿಮ್ಮದಲ್ಲ. ನಿಮಗೆ ನಂಬಿಕೆಯಿರುವ ದೊಡ್ಡವರಿಗೆ ತಕ್ಷಣ ಹೇಳಿ. ಮನೆಯಲ್ಲಿ ಹೇಳಲಾಗದಿದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೇಕಾಗಿಲ್ಲ.

ಸ್ಕೂಲ್ ಡೇ

ಮೊಮ್ಮಗಳ ಶಾಲೆಗೆ ಹೋಗಿ ಮೇಡಂ ಅವರನ್ನು ಕಂಡೆ. ಸಮಾಧಾನವಾಗಿ ಕೇಳಿಸಿಕೊಂಡರು. "ಸರ್, ಪೇರೆಂಟ್ಸೇ ಇಂಥ ಹಾಡು ಬೇಕು ಅಂತಾರೆ. ಪ್ರಾಕ್ಟೀಸ್ ಬೇರೆ ಮುಗಿದಿದೆ. ಹೋದ ವರ್ಷ ಇಂಥದ್ದೇ ಹಾಡಿಗೆ ನೀವೂ ಚಪ್ಪಾಳೆ ತಟ್ಟಿದ್ರಿ" ಎಂದರು. ಅದು ನಿಜ. ಮುಂದಿನ ಸಾಲಿನಲ್ಲಿ ಕುಳಿತು ತಟ್ಟಿದ್ದೆ. ಹಾಡು ಬದಲಾಗಲಿಲ್ಲ.

ಮನೆಗೆ ಬಂದು ಮೊಮ್ಮಗಳಿಗೆ ಇದ್ದದ್ದನ್ನು ಹೇಳಿದೆವು. ಕೋಲಾಟದ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಅದಕ್ಕೆ ಸೇರುತ್ತೀಯಾ ಎಂದು ಅವಳ ಅಮ್ಮ ಕೇಳಿದಳು. ಮಗು ಅತ್ತಿತು. ಮುಂದಿನ ಸಾಲು, ಮಿಂಚುವ ಲಂಗ, ಎಲ್ಲವೂ ಕೈಬಿಡಬೇಕಲ್ಲ. ನಾವು ಬಲವಂತ ಮಾಡಲಿಲ್ಲ. ಎರಡು ದಿನ ಬಿಟ್ಟು ಅವಳೇ "ಕೋಲಾಟಕ್ಕೇ ಹೋಗ್ತೀನಿ" ಎಂದಳು. ಅವಳ ಸ್ನೇಹಿತೆಯೊಬ್ಬಳೂ ಜೊತೆಗೆ ಬಂದಳು.

ಆ ದಿನ ಕೋಲಾಟದಲ್ಲಿ ಅವಳು ಎರಡು ಸಲ ತಪ್ಪು ಹೊಡೆದಳು. ಹಿಂದಿನ ಸಾಲಾದ್ದರಿಂದ ಫೋಟೋದಲ್ಲಿ ಅವಳ ತಲೆ ಮಾತ್ರ ಕಾಣುತ್ತದೆ. ಆ ಇನ್ನೊಂದು ಹಾಡಿಗೆ ಹೆಚ್ಚು ಚಪ್ಪಾಳೆ ಬಿತ್ತು. ಕುಣಿದ ಮಕ್ಕಳ ಮೇಲೆ ನನಗೆ ಬೇಸರವಿಲ್ಲ, ಅವರೂ ನಮ್ಮ ಮಕ್ಕಳೇ. ಈ ಸಲ ಮಾತ್ರ ನಾನು ಚಪ್ಪಾಳೆ ತಟ್ಟಲಿಲ್ಲ.

ಈಗ ನಮ್ಮ ಮನೆಯಲ್ಲಿ ಸಂಜೆ ಒಂದು ಗಂಟೆ ಟಿ.ವಿ., ಎಲ್ಲರೂ ಒಟ್ಟಿಗೆ. ಏನು ನೋಡುವುದೆಂದು ಮೊದಲೇ ಮಾತನಾಡಿಕೊಳ್ಳುತ್ತೇವೆ. ಬೇಡದ್ದು ಬಂದರೆ ಬದಲಾಯಿಸುತ್ತೇವೆ, ಯಾಕೆಂದೂ ಹೇಳುತ್ತೇವೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು ಟಿ.ವಿ. ಹಾಕುವುದನ್ನು ಬಿಟ್ಟಿದ್ದೇನೆ. ಮೊನ್ನೆ ಒಂದು ಸಿನಿಮಾ ಶುರುವಾಗುತ್ತಿದ್ದಂತೆ ಮೊಮ್ಮಗಳು ಅಡುಗೆಮನೆಯ ಕಡೆ ಕೂಗಿದಳು: "ತಾತ, ಅಜ್ಜಿ, ಬನ್ನಿ. ಇದು ನೋಡಬಹುದಾ ಅಂತ ನೋಡೋಣ."

ಕಾಫಿ ಲೋಟ ಹಿಡಿದುಕೊಂಡೇ ಹೋಗಿ ಅವಳ ಪಕ್ಕದಲ್ಲಿ ಕುಳಿತೆವು.